ಗುಡಿಸದೆ ಬಿಟ್ಟ ಹೆಜ್ಜೆ

“ಹೆಜ್ಜೆ ಅಳಿಸ್ಕೊಂಡು ಓಡಾಡಿ ಸಾರ್,” ಎಂದ ಲಾಡ್ಜಿನ ಮುದುಕ, ರೂಮಿನ ಬೀಗದಕೈ ಜೊತೆಗೆ ಎರಡು ಪೊರಕೆಗಳನ್ನು ಮೇಜಿನ ಮೇಲಿಡುತ್ತ. ಒಂದು ಮಾಮೂಲಿ ಪೊರಕೆ. ಇನ್ನೊಂದು ಗಿಡ್ಡದು, ಮಗುವಿನ ಕೈಗೆ ಹಿಡಿಸುವಂಥದ್ದು.

ಮೇಷ್ಟ್ರು ಮೊದಲು ಪೊರಕೆ ನೋಡಿದರು, ಆಮೇಲೆ ಮುದುಕನ ಮುಖ. “ಏನ್ರೀ ಇದು, ರೂಮ್ ಜೊತೆಗೆ ಕಸ ಗುಡಿಸೋ ಕೆಲಸಾನೂ ಕೊಡ್ತೀರಾ?”

“ತಮಾಷೆ ಅಲ್ಲ ಸಾರ್. ನಡೆದ ಮೇಲೆ ಹಿಂದೆ ತಿರುಗಿ ಗುಡಿಸಿಬಿಡಿ. ಈ ಊರಿನ ಮಣ್ಣಲ್ಲಿ ಹೆಜ್ಜೆ ಬಿಟ್ಟು ಹೋಗ್ಬಾರ್ದು.”

“ಬಿಟ್ರೆ?”

ಮುದುಕ ಕೆಮ್ಮಿದ. ಎದೆಯ ತಳದಿಂದ ಬಂದ, ಒದ್ದೆ ಸೌದೆ ಸಿಡಿದಂಥ ಕೆಮ್ಮು. “ಮಾಟ ಆಗುತ್ತೆ,” ಎಂದ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಎಂಬಷ್ಟು ಸಣ್ಣ ದನಿಯಲ್ಲಿ. “ಹೆಜ್ಜೆ ತಗೊಂಡ್ರೆ ಮನುಷ್ಯನ್ನೇ ತಗೊಂಡ ಹಾಗೆ.”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಹದಿನಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಬೆಕ್ಕು ಅಡ್ಡ ಬಂದರೆ ಆ ಬೆಕ್ಕನ್ನೇ ಎತ್ತಿಕೊಂಡು ಮುಂದೆ ಹೋಗುವ ಜಾತಿ. ಆದರೆ ಒಂದು ವಿಷಯ ಅವರ ಗಮನಕ್ಕೆ ಬಂತು. ಹೆದರಿಸುವ ಮಾತಾಡುವಾಗ ಮುದುಕನ ತುಟಿಯ ಒಂದು ಕೊನೆ ಚೂರು ಮೇಲೆದ್ದಿತ್ತು. ತನಗೇ ನಂಬಿಕೆಯಿಲ್ಲದ್ದನ್ನು ಬಾಯಿಪಾಠ ಒಪ್ಪಿಸುವವರ ಹಾಗೆ.

“ತಾತಾ, ನಿಮ್ಮ ಜೇಬಲ್ಲಿ ಚಮಚ ಯಾಕಿದೆ?” ಎಂದು ಕೇಳಿದಳು ಗುಬ್ಬಿ. ಮೇಷ್ಟ್ರ ಮಗಳು, ಏಳು ವರ್ಷ. ಮನೆಯಲ್ಲಿಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಎಲ್ಲರ ಬಾಯಲ್ಲೂ ಗುಬ್ಬಿ.

ನಿಜ. ಮುದುಕನ ಕಂದು ಬಣ್ಣದ ಉಣ್ಣೆ ಕೋಟಿನ ಜೇಬಿನಲ್ಲಿ, ಪೆನ್ನು ಇರಬೇಕಾದ ಜಾಗದಲ್ಲಿ, ಒಂದು ಹಿತ್ತಾಳೆ ಚಮಚ ಇಣುಕುತ್ತಿತ್ತು.

“ಈ ಊರಲ್ಲಿ ಎಲ್ಲರ ಹತ್ರಾನೂ ಇರುತ್ತೆ ಪುಟ್ಟಿ.”

“ಊಟಕ್ಕಾ?”

“ಹಸಿವಿಗೆ,” ಎಂದ ಮುದುಕ. ಬೀಗದಕೈ ಮುಂದಕ್ಕೆ ತಳ್ಳಿದ ಅವನ ಬಲಗೈ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಗಿತ್ತು.

ಎಲ್ಲರೂ ಹೋಗುವ ಬೆಟ್ಟದೂರುಗಳೆಂದರೆ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಜನರಿಂದ ದೂರ ಹೋಗಬೇಕೆಂದು ಜನವೆಲ್ಲ ಅಲ್ಲಿಗೇ ಹೋಗುತ್ತಾರೆ ಎಂಬುದು ಅವರ ದೂರು. ಈ ಊರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಳೆಯ ನಕ್ಷೆಯೊಂದರಲ್ಲಿ ಒಂದು ಚುಕ್ಕಿ, ಅಷ್ಟೇ. ದಿನಕ್ಕೊಂದೇ ಬಸ್ಸು: ಮಧ್ಯಾಹ್ನ ಹತ್ತಿ ಬಂದು, ಅರ್ಧ ಗಂಟೆ ನಿಂತು, ಅದೇ ದಾರಿಯಲ್ಲಿ ಇಳಿದು ಹೋಗುತ್ತಿತ್ತು. ಇವತ್ತು ಬಂದು ನಾಳೆ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು, ಇಷ್ಟೇ ಲೆಕ್ಕಾಚಾರ. ಹೆಂಡತಿ ನರ್ಸು, ಆಕೆಗೆ ರಜೆ ಸಿಗಲಿಲ್ಲ. ಹೊರಡುವಾಗ ಆಕೆ ಒಂದೇ ಮಾತು ಹೇಳಿದ್ದಳು: “ಅವಳ ಕೈ ಬಿಡಬೇಡಿ. ನೀವು ಯೋಚನೆಗೆ ಬಿದ್ರೆ ಪಕ್ಕದಲ್ಲಿ ಯಾರಿದಾರೆ ಅನ್ನೋದೇ ಮರೀತೀರಿ.”

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಸಾಯಂಕಾಲದ ಬೆಳಕಿರುವಾಗಲೇ ಊರು ನೋಡಲು ಹೊರಟರು. ಊರೆಂದರೆ ಎರಡು ಬೀದಿ, ತಗ್ಗು ಮಾಡಿನ ಕಲ್ಲು ಮನೆಗಳು, ಮುಚ್ಚಿದ ಕಿಟಕಿಗಳು. ಬೀದಿಗೆ ಡಾಂಬರಿಲ್ಲ. ಬೂದು ಬಣ್ಣದ, ಜರಡಿ ಹಿಡಿದ ಹಿಟ್ಟಿನಷ್ಟು ನುಣುಪಾದ ಮಣ್ಣು. ಮಂಜಿನ ತೇವಕ್ಕೆ ತುಸು ಅಂಟು ಬಂದಿತ್ತು. ಅದರ ಮೇಲೆ ಒಂದೇ ಒಂದು ಗುರುತಿಲ್ಲ. ನಾಯಿಯ ಪಂಜವಿಲ್ಲ, ಕಾಗೆಯ ಕಾಲಿಲ್ಲ. ತರಗತಿ ಶುರುವಾಗುವ ಮೊದಲು ಒರೆಸಿಟ್ಟ ಕರಿಹಲಗೆಯ ಹಾಗೆ ಇಡೀ ಬೀದಿ ಕಾಯುತ್ತಿತ್ತು.

ಮತ್ತು ಆ ಸದ್ದು. ಸರ್... ಸರ್... ಸರ್... ಎಲ್ಲೋ ಒಂದು ಅಂಗಳದಲ್ಲಿ, ಎಲ್ಲೋ ಒಂದು ತಿರುವಿನಲ್ಲಿ, ಪೊರಕೆ. ಬೇರೆ ಯಾವ ಸದ್ದೂ ಇಲ್ಲದ ಊರಿನಲ್ಲಿ ಅದು ಯಾರದೋ ಉಸಿರಾಟದಂತೆ ಕೇಳುತ್ತಿತ್ತು. ಗಾಳಿಯಲ್ಲಿ ಸೀಮೆಎಣ್ಣೆಯ ವಾಸನೆ, ಬಿಸಿಲು ಕಾಣದ ಉಣ್ಣೆಯ ಮುಗ್ಗುಲು ವಾಸನೆ, ಅದರಡಿಯಲ್ಲಿ ಈಗಷ್ಟೇ ಅಗೆದ ಮಣ್ಣಿನ ವಾಸನೆ.

ಗುಬ್ಬಿಗೆ ಮಾತ್ರ ಹಬ್ಬ. ಗಿಡ್ಡ ಪೊರಕೆ ಹಿಡಿದು, ಹಿಮ್ಮುಖವಾಗಿ ನಡೆಯುತ್ತ, ತನ್ನ ಹೆಜ್ಜೆ ಒಂದು ಸಲ, ಅಪ್ಪನ ಹೆಜ್ಜೆ ಎರಡು ಸಲ ಗುಡಿಸುತ್ತ ಬಂದಳು. “ಅಪ್ಪಾ, ನಿನ್ನ ಕಾಲು ಎಷ್ಟು ದಪ್ಪ! ನಿಂದು ಅಳಿಸೋಕೇ ನಂಗೆ ಸುಸ್ತಾಗುತ್ತೆ.”

“ಅಳಿಸಬೇಡ ಬಿಡೆ ಮಾರಾಯ್ತಿ.”

“ಮಾಟ ಆದ್ರೆ?”

“ಆದ್ರೆ ನಿಮ್ಮಮ್ಮ ಇಂಜೆಕ್ಷನ್ ಕೊಡ್ತಾಳೆ.”

ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ. ಒಳಗೆ ಕೂತಿದ್ದ ವಯಸ್ಸಾದ ಹೆಂಗಸು ಮಿಷನ್ನು ನಿಲ್ಲಿಸಿ ಇವರನ್ನೇ ನೋಡಿದಳು. ಮೇಷ್ಟ್ರು ನಮಸ್ಕಾರವೆಂಬಂತೆ ತಲೆಯಾಡಿಸಿದರು. ಆಕೆ ಅದನ್ನು ಕಾಣಲಿಲ್ಲ. ಆಕೆಯ ಕಣ್ಣು ಅವರ ಮುಖದ ಮೇಲಿರಲಿಲ್ಲ, ಕಾಲ ಮೇಲಿತ್ತು. ಆಮೇಲೆ ಗುಬ್ಬಿಯ ಕಾಲ ಮೇಲೆ ಹೋಯಿತು. ಅಲ್ಲೇ ಬಹಳ ಹೊತ್ತು ನಿಂತಿತು. ಆಕೆಯ ಸೊಂಟದಲ್ಲಿ, ದಾರಕ್ಕೆ ಕಟ್ಟಿದ ಒಂದು ಚಮಚ ತೂಗುತ್ತಿತ್ತು.

ಮರುದಿನ ಬೆಳಿಗ್ಗೆ ಮಂಜು ಕಿಟಕಿಗೆ ಬಂದು ಕೂತಿತ್ತು. ಊರಾಚೆಯ ಕಣಿವೆಯ ಅಂಚಿಗೆ ಹೋಗಿ, ಆ ಮೌನವನ್ನು ಒಂದಿಷ್ಟು ಹೊತ್ತು ಒಬ್ಬರೇ ಕೇಳಬೇಕೆಂದು ಮೇಷ್ಟ್ರಿಗೆ ಆಸೆ. ಗುಬ್ಬಿ ಪೊರಕೆಯೊಂದಿಗೆ ಬಾಗಿಲಲ್ಲಿ ತಯಾರಾಗಿ ನಿಂತಿದ್ದಳು.

ಇದ್ದಕ್ಕಿದ್ದಂತೆ ಮೇಷ್ಟ್ರಿಗೆ ರೇಗಿತು. “ಕೊಡು ಇಲ್ಲಿ. ಮೇಷ್ಟ್ರ ಮಗಳಾಗಿ ಮಾಟ ಮಂತ್ರ ಅಂತ ಗುಡಿಸ್ಕೊಂಡು ತಿರುಗ್ತೀಯಲ್ಲ, ನಾಚಿಕೆ ಆಗಲ್ವಾ?” ಪೊರಕೆ ಕಸಿದು ಮೂಲೆಗೆ ಎಸೆದರು.

ಗುಬ್ಬಿಯ ಕಣ್ಣು ತುಂಬಿತು. “ಹಾಗಾದ್ರೆ ನಾನು ಬರಲ್ಲ.”

“ಬರಬೇಡ. ತಿಂಡಿ ತಿಂದು, ಬ್ಯಾಗ್ ತುಂಬಿಟ್ಟಿರು. ಅರ್ಧ ಗಂಟೇಲಿ ಬರ್ತೀನಿ.”

ಎಡಗಾಲು ಎಳೆಯುತ್ತ ಮುದುಕ ಹೊಸ್ತಿಲಿಗೆ ಬಂದ. “ಸಾರ್, ಇನ್ನೊಂದ್ಸಲ ಹೇಳ್ತೀನಿ. ಹೆಜ್ಜೆ ಅಳಿಸ್ಕೊಂಡು ಹೋಗಿ.” ಅದೇ ದನಿ. ತುಟಿಯ ಕೊನೆಯಲ್ಲಿ ಅದೇ ಎತ್ತರ.

ಮೇಷ್ಟ್ರು ಅಂಗಳಕ್ಕಿಳಿದು, ತರಗತಿಯಲ್ಲಿ ಪ್ರಯೋಗ ತೋರಿಸುವವರಂತೆ, ಬಲಗಾಲನ್ನು ಎತ್ತಿ ಧಪ್ಪೆಂದು ಊರಿದರು. ಬೂಟಿನ ತಳದ ಒಂದೊಂದು ಗೆರೆಯೂ ಮಣ್ಣಿನಲ್ಲಿ ಅಚ್ಚಾಯಿತು. “ನೋಡಿ, ಬಿಟ್ಟೆ. ಏನಾಗುತ್ತೆ ನೋಡೋಣ.”

ಮುದುಕ ಆ ಅಚ್ಚನ್ನು ನೋಡಿದ. ಅವನ ಕೈ ಜೇಬಿನ ಚಮಚದತ್ತ ಹೋಯಿತು. “ನಾನು ಹೇಳಿದ್ದು ನಿಮಗೆ ಕೇಳಿಸ್ತಲ್ವಾ ಸಾರ್?”

“ಚೆನ್ನಾಗಿ ಕೇಳಿಸ್ತು.”

“ಸಾಕು,” ಎಂದ ಮುದುಕ.

ಕಣಿವೆಯ ಅಂಚಿನಲ್ಲಿ ಏನೂ ಕಾಣಲಿಲ್ಲ. ಬರೀ ಬಿಳುಪು. ಅಲ್ಲಿ ಕೂತು ಮೇಷ್ಟ್ರು ಯೋಚನೆಗೆ ಬಿದ್ದರು. ಅರ್ಧ ಗಂಟೆ ಎಂದದ್ದು ಗಂಟೆಗಟ್ಟಲೆಯಾಗಿ, ಬಸ್ಸಿನ ಹೊತ್ತು ಹತ್ತಿರವಾಯಿತು. ಎದ್ದು ತಿರುಗಿದಾಗ, ತಾವು ಬಂದ ದಾರಿಯಲ್ಲಿ ತಮ್ಮ ಹೆಜ್ಜೆಗಳ ಸಾಲು ಕಂಡಿತು. ಗುಡಿಸಿದ ಊರಿನಲ್ಲಿ ಅದೊಂದೇ ಬರಹ. ಎದೆಯಲ್ಲಿ ಒಂದು ಸಣ್ಣ ಹೆಮ್ಮೆಯೂ ಎದ್ದಿತು.

ಹತ್ತಿರ ಬಂದು ನೋಡಿದರು.

ಹೆಜ್ಜೆಯ ಹಿಮ್ಮಡಿಯ ಭಾಗ ಇರಲಿಲ್ಲ. ಅಲ್ಲೊಂದು ಗುಂಡನೆಯ ಕುಳಿ. ಚಮಚದಿಂದ ನೀಟಾಗಿ ಮೊಗೆದಂತೆ. ಮುಂದಿನ ಹೆಜ್ಜೆಯಲ್ಲೂ ಕುಳಿ. ಅದರ ಮುಂದಿನದರಲ್ಲೂ. ಲಾಡ್ಜಿನ ದಿಕ್ಕಿನಿಂದ ಯಾರೋ ಒಂದೊಂದನ್ನೇ ಮೊಗೆಯುತ್ತ ಇಲ್ಲಿಯವರೆಗೂ ಬಂದಿದ್ದಾರೆ. ತಮ್ಮ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಕೂತು ಮೊಗೆದು ಹೋಗಿದ್ದಾರೆ. ಆದರೆ ಬಂದವರ ಹೆಜ್ಜೆಯೇ ಇಲ್ಲ.

“ಯಾರದು?” ಎಂದು ಕೂಗಬೇಕೆಂದರು. ಬದಲಿಗೆ ಕೆಮ್ಮು ಬಂತು. ಎದೆಯ ತಳದಿಂದ. ಒದ್ದೆ ಸೌದೆ ಸಿಡಿದಂತೆ.

ಬೇಗ ಬೇಗ ನಡೆದರು. ಎಡಗಾಲು ಹಿಂದೆ ಉಳಿಯುತ್ತಿತ್ತು. ಮಂಜಿನ ಚಳಿ ಇರಬೇಕು. ಸ್ವೆಟರಿನಿಂದ ಸೀಮೆಎಣ್ಣೆಯ ವಾಸನೆ ಬಂತು. ಕೆಳಗೆ ನೋಡಿಕೊಂಡರು. ನೀಲಿ ಸ್ವೆಟರ್ ಇರಲಿಲ್ಲ. ಕಂದು ಬಣ್ಣದ ಕೋಟು ಇತ್ತು. ಅದರ ಗುಂಡಿ ಹಾಕಿಕೊಳ್ಳುತ್ತಿದ್ದ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು.

ಹಿಂದೆ ತಿರುಗಿದರು. ಇಷ್ಟು ದೂರ ನಡೆದು ಬಂದಿದ್ದರು. ಮಣ್ಣಿನ ಮೇಲೆ ಹೊಸ ಗುರುತು ಒಂದೂ ಮೂಡಿರಲಿಲ್ಲ.

ಲಾಡ್ಜಿನ ಬಾಗಿಲು ತೆರೆದಿತ್ತು. “ಗುಬ್ಬೀ!” ಎಂದರು. ಬಂದದ್ದು ಮುದುಕನ ದನಿ. ರೂಮಿನಲ್ಲಿ ಬ್ಯಾಗುಗಳಿಲ್ಲ. ತಟ್ಟೆಯಲ್ಲಿ ಅರ್ಧ ತಿಂದ ಬ್ರೆಡ್ಡು. ಕೈತೊಳೆಯುವ ಜಾಗದಲ್ಲಿ ಗೋಡೆಗೆ ಒಂದು ಕನ್ನಡಿ ಇತ್ತು. ಅದರತ್ತ ಹೋಗಬಾರದೆಂದು ಗೊತ್ತಿದ್ದೂ ಹೋದರು. ಕನ್ನಡಿಯಲ್ಲಿ ಲಾಡ್ಜಿನ ಮುದುಕ ಇವರನ್ನೇ ನೋಡುತ್ತಿದ್ದ. ಇವರು ಬಾಯಿಗೆ ಕೈ ಮುಚ್ಚಿಕೊಂಡರೆ ಅವನೂ ಮುಚ್ಚಿಕೊಂಡ.

“ನಿಮಗೂ ಆಯ್ತಾ?”

ಬಾಗಿಲಲ್ಲಿ ಹೊಲಿಗೆಯವಳು ನಿಂತಿದ್ದಳು.

“ನನ್ನ ಮಗಳು ಎಲ್ಲಿ?”

“ಅವಳಪ್ಪನ ಜೊತೆ ಬಸ್ಸಿಗೆ ಹೋದ್ಲು.”

“ನಾನೇ ಕಣಮ್ಮ ಅವಳಪ್ಪ!”

“ಅದು ನಿಮಗೆ ಗೊತ್ತು, ನನಗೆ ಗೊತ್ತು.” ಆಕೆಯ ದನಿಯಲ್ಲಿ ಕರುಣೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ. “ಅವನೂ ನಿಮ್ಮ ಹಾಗೆ ಬಸ್ಸಿಂದ ಇಳಿದವನೇ. ಇಪ್ಪತ್ತೆರಡು ವರ್ಷ ಆಯ್ತು. ನಾವೆಲ್ಲ ಹಾಗೇ ಇಳಿದೋರು. ಹೇಳಿದ ಮೇಲೂ ಗುಡಿಸದೆ ಬಿಟ್ಟ ಹೆಜ್ಜೆ ಮಾತ್ರ ಫಲಿಸುತ್ತೆ. ಅದಕ್ಕೇ ಹೇಳೋದು. ಹೇಳದೆ ತಗೊಂಡ್ರೆ ಬರೀ ಮಣ್ಣು.”

ಮೇಷ್ಟ್ರಿಗೆ ಆ ತುಟಿಯ ಕೊನೆ ನೆನಪಾಯಿತು. ಹೇಳಬೇಕು, ಆದರೆ ಕೇಳಿದವನು ನಂಬದಂತೆ ಹೇಳಬೇಕು. ಇಪ್ಪತ್ತೆರಡು ವರ್ಷ ಅಭ್ಯಾಸ ಮಾಡಿದ ಮುಖ ಅದು.

“ಹೆಜ್ಜೇನೇ ಮೂಡದ ನೀವು ದಿನಾ ಯಾಕೆ ಗುಡಿಸ್ತೀರಿ?” ಕೇಳುವಾಗಲೇ ಉತ್ತರ ಹೊಳೆಯಿತು.

“ಹಲಗೆ ಚೊಕ್ಕವಾಗಿದ್ರೆ ತಾನೇ ಹೊಸ ಅಕ್ಷರ ಕಾಣೋದು?” ಎಂದಳು ಹೊಲಿಗೆಯವಳು.

“ಬಿಡಿಸೋದು ಹೇಗೆ? ಹೇಳಮ್ಮ, ಕಾಲಿಗೆ ಬೀಳ್ತೀನಿ.”

“ನಿಮ್ಮ ಹೆಜ್ಜೆಯ ಮಣ್ಣು ಈಗ ಅವನ ಬೂಟಿನೊಳಗಿದೆ. ಊರ ಬಾಗಿಲ ಕಲ್ಲು ದಾಟೋದ್ರೊಳಗೆ ಆ ಬೂಟು ಕಳಚಿದ್ರೆ ನಿಮ್ಮ ಮೈ ನಿಮಗೆ. ದಾಟಿದ್ರೆ...” ಆಕೆಯ ಕಣ್ಣು ಅಂಗಳಕ್ಕೆ ಹೋಗಿತ್ತು. ಕೈ ಸೊಂಟಕ್ಕೆ.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಮೇಷ್ಟ್ರು ಅಂಗಳಕ್ಕೆ ಹಾರಿದರು. ಲಾಡ್ಜಿನ ಮೆಟ್ಟಿಲಿಂದ ಬಸ್ ನಿಲ್ಲುವ ಕಡೆಗೆ ಎರಡು ಸಾಲು ಹೆಜ್ಜೆ ಹೋಗಿತ್ತು. ಒಂದು ದೊಡ್ಡದು, ತಮ್ಮದೇ ಬೂಟಿನ ಗೆರೆ. ತಾವು ಇಲ್ಲಿ ನಿಂತಿದ್ದಾರೆ. ತಮ್ಮ ಹೆಜ್ಜೆ ಅಲ್ಲಿ ನಡೆದು ಹೋಗಿದೆ. ಅದರ ಪಕ್ಕದಲ್ಲೇ ಚಿಕ್ಕ ಹೆಜ್ಜೆಗಳು. ಗುಬ್ಬಿಯವು. ಒಂದನ್ನೂ ಗುಡಿಸಿರಲಿಲ್ಲ. ‘ಗುಡಿಸಬೇಡ ಮಗಳೇ, ಬಸ್ಸಿಗೆ ಹೊತ್ತಾಯ್ತು’ ಎಂದಿರುತ್ತಾನೆ. ಬೆಳಿಗ್ಗೆ ಬೈಸಿಕೊಂಡ ಮಗು, ಅಪ್ಪನ ಮಾತು ಕೇಳಿದೆ.

ನಿನ್ನೆಯೆಲ್ಲ ತನ್ನದನ್ನು ಗುಡಿಸಿಕೊಂಡಿದ್ದ ಮಗು.

ಬೀದಿಯ ಬಾಗಿಲುಗಳು ಒಂದೊಂದೇ ತೆರೆದವು. ಕೀಲಿನ ಕಿರ್ರೆನ್ನುವ ಸದ್ದು. ಮಂಜಿನೊಳಗಿಂದ ಆಕಾರಗಳು ಬಂದವು. ಊರುಗೋಲಿನ ಗಂಡಸು. ಗೂನು ಬೆನ್ನಿನ ನೀರು ಹೊರುವವಳು. ಹೆಸರು ಗೊತ್ತಿಲ್ಲದವರು ಇನ್ನೂ ಹತ್ತಾರು. ಎಲ್ಲರ ಕೈಯಲ್ಲೂ ಚಮಚ. ಎಲ್ಲರ ಕಣ್ಣೂ ನೆಲದ ಮೇಲೆ. ಆ ಚಿಕ್ಕ ಹೆಜ್ಜೆಗಳ ಮೇಲೆ.

“ಏಳು ವರ್ಷದ ಮೈ,” ಎಂದಳು ಹೊಲಿಗೆಯವಳು, ನಿದ್ದೆಯಲ್ಲಿ ಮಾತಾಡುವವಳಂತೆ. “ಇಡೀ ಬದುಕು ಮತ್ತೆ ಮೊದಲಿಂದ. ಕ್ಷಮಿಸಿ ಸಾರ್.” ಬಾಗಿ, ಮೊದಲ ಹೆಜ್ಜೆಗೆ ಚಮಚ ಚುಚ್ಚಿದಳು.

ಆಕೆಯ ಮುಪ್ಪು, ಆಕೆಯ ಮುಚ್ಚಿದ ಕಿಟಕಿ, ಆಕೆಯ ಹಸಿವು, ಇನ್ನು ಗುಬ್ಬಿಗೆ.

ಮೇಷ್ಟ್ರು ಆಕೆಯ ಕೈಗೆ ಹೊಡೆದರು. ಚಮಚ ಹಾರಿತು. ಮಣ್ಣು ಚೆದುರಿತು. ಒಳಗೆ ಓಡಿದರು. ಮೂಲೆಯಲ್ಲಿ ಬಿದ್ದಿದ್ದ ಗಿಡ್ಡ ಪೊರಕೆ. ಬೆಳಿಗ್ಗೆ ತಾವೇ ಕಸಿದು ಎಸೆದದ್ದು. ಎತ್ತಿಕೊಂಡರು.

ಗುಡಿಸಿದರು. ಸರ್. ಒಂದು ಹೋಯಿತು. ಸರ್. ಇನ್ನೊಂದು. ಎಡಗಾಲು ಎಳೆಯುತ್ತಿತ್ತು. ಕೆಮ್ಮು ಉಸಿರನ್ನು ಕತ್ತರಿಸುತ್ತಿತ್ತು. ಊರುಗೋಲಿನವನೂ ಇನ್ನೊಬ್ಬನೂ ಒಂದೇ ಹೆಜ್ಜೆಗೆ ಬಾಗಿದರು. ಒಬ್ಬರನ್ನೊಬ್ಬರು ತಳ್ಳಿದರು. ಅವರ ಉರುಳಾಟಕ್ಕೆ ಆ ಹೆಜ್ಜೆ ಅಳಿಸಿಹೋಯಿತು. ಸರ್. ಸರ್. ಬೆವರು ಕಣ್ಣಿಗಿಳಿಯಿತು. ಯಾರೋ ಕೋಟು ಹಿಡಿದೆಳೆದರು. ಯಾರದೋ ಉಗುರು ಕತ್ತಿಗೆ ಇಳಿಯಿತು. ಸರ್. ಹತ್ತು. ಇಪ್ಪತ್ತು. ಮುಂದೆ ಮಂಜಿನಲ್ಲಿ ಬಸ್ಸಿನ ಹಳದಿ ದೀಪ.

ಅಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ, ಅವನಿದ್ದ.

ನೀಲಿ ಸ್ವೆಟರ್. ತಮ್ಮದೇ ಬೆನ್ನು. ತಮ್ಮದೇ ಕೈ ಗುಬ್ಬಿಯ ಕೈ ಹಿಡಿದಿತ್ತು. ಗುಬ್ಬಿ ತಿರುಗಿ ನೋಡಿದಳು. “ಅಪ್ಪಾ, ಲಾಡ್ಜ್ ತಾತ ಯಾಕೆ ಹೀಗೆ ಓಡಿ ಬರ್ತಿದಾರೆ?”

ಅವನೂ ತಿರುಗಿದ. ಹೆದರಲಿಲ್ಲ. ತುಟಿಯ ಒಂದು ಕೊನೆ ಚೂರು ಮೇಲೆದ್ದಿತು. ಮೇಷ್ಟ್ರ ಮುಖದಲ್ಲಿ. ಬೇಕೆಂದೇ ಬಿಟ್ಟು ಬಂದಿದ್ದ, ಗುಬ್ಬಿಯ ಆ ಹೆಜ್ಜೆಗಳನ್ನು. ಒಬ್ಬ ಅಪ್ಪನ ಕಾಲು ಎಲ್ಲಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

ಎರಡೇ ಮಾರು. ಹಾರಿ ಬಿದ್ದರೆ ಬೂಟು ಕೈಗೆ ಸಿಗುತ್ತದೆ. ಒಂದು ಎಳೆತ. ಮೈ ವಾಪಸ್ಸು. ಮಗಳು ವಾಪಸ್ಸು. ಮೇಷ್ಟ್ರು ಮುನ್ನುಗ್ಗಿದರು.

ಕಣ್ಣಂಚಿನಲ್ಲಿ ನೀರು ಹೊರುವವಳು ಕಂಡಳು. ಬಸ್ಸಿನ ಮೆಟ್ಟಿಲ ಹಿಂದೆ, ಕೊನೆಯ ಎರಡು ಚಿಕ್ಕ ಹೆಜ್ಜೆಗಳ ಮುಂದೆ ಮಂಡಿಯೂರಿದ್ದಳು. ಒಂದು ಕಾಲಿನ ಚಪ್ಪಲಿ ಆಗಲೇ ಬಿಚ್ಚಿಟ್ಟಿದ್ದಳು. ಚಮಚ ಹಿಮ್ಮಡಿಯ ಗುರುತಿಗೆ ಇಳಿದಿತ್ತು. ಮಣ್ಣು ಎದ್ದಿತ್ತು. ಚಪ್ಪಲಿಯತ್ತ ಹೋಗುತ್ತಿತ್ತು.

ಬೂಟು ಬಲಕ್ಕೆ. ಚಮಚ ಎಡಕ್ಕೆ.

ಇದು ಯೋಚನೆ ಮಾಡುವ ಹೊತ್ತಲ್ಲ. ಮಾಡಲೂ ಇಲ್ಲ. ಎಡಕ್ಕೆ ಬಿದ್ದರು. ಚಮಚವನ್ನು ಕೈಯಿಂದ ಹೊಡೆದು, ಆ ಎರಡು ಹೆಜ್ಜೆಗಳ ಮೇಲೆ ಎದೆ ಕೊಟ್ಟು ಬಿದ್ದರು. ಚೆಲ್ಲಿದ ಮಣ್ಣನ್ನು ಅಂಗೈಯಿಂದ ಉಜ್ಜಿದರು. ಗುಡಿಸಿದರು. ಮತ್ತೆ ಗುಡಿಸಿದರು.

ಬಸ್ಸಿನ ಬಾಗಿಲು ಮುಚ್ಚಿತು. ಹೊಗೆ ಮುಖಕ್ಕೆ ಬಡಿಯಿತು. ಗಾಲಿ ಉರುಳಿತು.

ಕಿಟಕಿಯಲ್ಲಿ ಗುಬ್ಬಿಯ ಮುಖ. “ಅಪ್ಪಾ ನೋಡು, ತಾತ ನನ್ನ ಹೆಜ್ಜೆ ಗುಡಿಸ್ತಾ ಇದಾರೆ! ನಾನು ಗುಡಿಸಿರಲಿಲ್ಲ ಅಲ್ವಾ, ಅದಕ್ಕೆ.” ಆಮೇಲೆ ಹೊರಗೆ ಕೈ ಬೀಸಿ, “ಥ್ಯಾಂಕ್ಸ್ ತಾತಾ!” ಎಂದು ಕೂಗಿದಳು.

ಮೇಷ್ಟ್ರು ಕೈ ಎತ್ತಿದರು. ಕಪ್ಪು ಉಗುರಿನ ಕೈ. ಮಣ್ಣು ಮೆತ್ತಿದ ಕೈ.

ಬಸ್ಸು ಊರ ಬಾಗಿಲ ಕರಿಕಲ್ಲನ್ನು ದಾಟಿ ಬಿಳುಪಿನೊಳಗೆ ಇಳಿಯಿತು. ಕೊನೆಯದಾಗಿ ಕಂಡದ್ದು ಆ ಕಿಟಕಿ. ಅದರಲ್ಲಿ ಗುಬ್ಬಿಯ ಕೈಯನ್ನು ಅವನು ಗಟ್ಟಿಯಾಗಿ ಹಿಡಿದಿದ್ದ. ಬಿಡಲೇ ಇಲ್ಲ.

ಬೀದಿಯ ಜನ ಚಮಚ ಒರೆಸಿ, ಜೇಬಿಗೆ ಹಾಕಿ, ಒಬ್ಬೊಬ್ಬರಾಗಿ ಒಳಗೆ ಹೋದರು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲೋ ಒಂದು ಅಂಗಳದಲ್ಲಿ ಸದ್ದು ಶುರುವಾಯಿತು. ಸರ್... ಸರ್...

ಮೇಷ್ಟ್ರು ದಿನಾ ಮಧ್ಯಾಹ್ನ ಕಲ್ಲಿನವರೆಗೂ ಹೋಗುತ್ತಾರೆ. ಅದರಾಚೆಗೆ ಕಾಲು ಎತ್ತಿದರೆ ಎತ್ತಿದ ಜಾಗದಲ್ಲೇ ಇಳಿಯುತ್ತದೆ. ಬಸ್ಸು ಖಾಲಿ ಬರುತ್ತದೆ, ಖಾಲಿ ಹೋಗುತ್ತದೆ.

ನಲವತ್ತೊಂದನೆಯ ದಿನ ಒಬ್ಬ ಇಳಿದ. ಹೆಗಲಿಗೆ ಕ್ಯಾಮೆರಾ, ಬಾಯಲ್ಲಿ ಸಿಳ್ಳೆ. ಯಾವ ಪಟ್ಟಿಯಲ್ಲೂ ಇಲ್ಲದ ಊರು ಹುಡುಕಿಕೊಂಡು ಬಂದೆ ಎಂದು ತಾನಾಗಿಯೇ ಹೇಳಿಕೊಂಡ.

ಮೇಷ್ಟ್ರು ಬೀಗದಕೈ ಇಟ್ಟರು. ಪಕ್ಕದಲ್ಲಿ ಪೊರಕೆ ಇಟ್ಟರು. ಹಿಂದಿನ ರಾತ್ರಿಗಳಲ್ಲೆಲ್ಲ ಇದಕ್ಕಾಗಿ ಮಾತು ಜೋಡಿಸಿಟ್ಟಿದ್ದರು: ಯಾರೇ ಬರಲಿ, ನಂಬುವ ಹಾಗೆ ಹೇಳಬೇಕು, ಕಾಲು ಹಿಡಿದಾದರೂ ಅದೇ ಬಸ್ಸಿಗೆ ಹತ್ತಿಸಿ ಕಳಿಸಬೇಕು. ಬಾಯಿ ತೆರೆದರು. ಗುಬ್ಬಿಯ ಕೈ ಹಿಡಿದಿದ್ದ ಆ ಕೈ ಕಣ್ಣ ಮುಂದೆ ಬಂತು. ಯಾರ ಮೈಯಾದರೇನು, ಯಾರ ಮುಖವಾದರೇನು. ಈ ಕಲ್ಲು ದಾಟಿ ಅವಳಿರುವ ಬೀದಿಗೆ ಹೋಗಿ ನಿಲ್ಲುವಂಥ ಮೈಯೊಂದು ಸಿಕ್ಕರೆ ಸಾಕು.

“ಹೆಜ್ಜೆ ಅಳಿಸ್ಕೊಂಡು ಓಡಾಡಿ ಸಾರ್,” ಎಂದರು. ತುಟಿಯ ಒಂದು ಕೊನೆ, ಅವರು ತಡೆಯುವ ಮೊದಲೇ, ಚೂರು ಮೇಲೆದ್ದಿತು.

ಬಂದವನು ಗಟ್ಟಿಯಾಗಿ ನಕ್ಕ.

ಮೇಷ್ಟ್ರು ಅವನ ಮುಖ ನೋಡಲಿಲ್ಲ. ಕಾಲು ನೋಡಿದರು.